ಕಾಡ್ಗಿಚ್ಚಿನ ಹೊಗೆ ಕವಿದಾಗ ಸೈಕಲ್ ತುಳಿಯಬಹುದೇ?

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಿಂದ ಮೊದಲ ಮಳೆ ಬೀಳುವವರೆಗೆ ಕಾಡ್ಗಿಚ್ಚಿನ ಕಾಲ. 2018ರ ನವೆಂಬರ್ 8ರಂದು ಹೊತ್ತಿಕೊಂಡ ‘ಕ್ಯಾಂಪ್ ಫೈರ್’ ಪ್ಯಾರಡೈಸ್ ಎಂಬ ಊರನ್ನೇ ಸುಟ್ಟು 85 ಜನರ ಪ್ರಾಣ ತೆಗೆಯಿತು. ಅದರ ಹೊಗೆ ಸುಮಾರು ಎರಡು ವಾರ ಸ್ಯಾಕ್ರಮೆಂಟೊ ಕಣಿವೆಯನ್ನು ಬಿಟ್ಟು ಕದಲಲಿಲ್ಲ. ಪೂರ್ವಕ್ಕೆ ಸಿಯೆರಾ ನೆವಾಡಾ, ಪಶ್ಚಿಮಕ್ಕೆ ಕರಾವಳಿಯ ಬೆಟ್ಟಸಾಲು. ಗಾಳಿ ಬೀಸದಿದ್ದರೆ ಹೊಗೆಗೆ ಹೊರಹೋಗಲು ದಾರಿಯೇ ಇಲ್ಲ. ಆ ಕಣಿವೆಯ ಅಂಚಿನಲ್ಲಿರುವ ಫೋಲ್ಸಮ್‌ನಿಂದ ಕನ್ನಡಿಗ ಓದುಗರೊಬ್ಬರು ಕಳಿಸಿರುವ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು.

ಪ್ರಶ್ನೆ: ಡಾಕ್ಟರೇ, ನನಗೆ 42 ವರ್ಷ. ಬಿಪಿ, ಶುಗರ್ ಯಾವುದೂ ಇಲ್ಲ. ಅಮೆರಿಕನ್ ನದಿಯ ದಂಡೆಯಲ್ಲಿರುವ ಸೈಕಲ್ ಹಾದಿಯಲ್ಲಿ ಬೆಳಿಗ್ಗೆ ಒಂದು ಗಂಟೆ ಸೈಕಲ್ ತುಳಿಯುತ್ತೇನೆ. ಹೊಗೆ ಕವಿದ ದಿನ ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಜೊತೆಗಾರರು ‘ಇಷ್ಟಕ್ಕೆಲ್ಲ ಏನೂ ಆಗಲ್ಲ, ಬಾ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಆ ಹೊತ್ತಿಗೆ ನಿಮ್ಮ ಬಡಾವಣೆಯ ಗಾಳಿಯಲ್ಲಿ ಪಿಎಂ 2.5 ಎಷ್ಟಿದೆ ಎಂದು ನೋಡಿ ತೀರ್ಮಾನಿಸಿ. ಪಿಎಂ 2.5 ಎಂದರೆ 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳು. ಸೌದೆ, ಮರ ಉರಿದ ಹೊಗೆಯಲ್ಲಿ ಬಹುಪಾಲು ಕಣಗಳು ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ಮೂಗಿನ ಕೂದಲಿಗಾಗಲಿ ಗಂಟಲಿನ ಲೋಳೆಗಾಗಲಿ ಸಿಕ್ಕಿಬೀಳದೆ ಅವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ.

ಸುಮ್ಮನೆ ಕೂತಿರುವಾಗ ಮನುಷ್ಯ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಸೈಕಲ್ಲನ್ನು ಸ್ವಲ್ಪ ಬಿರುಸಾಗಿ ತುಳಿದರೆ ಅದು 50 ಲೀಟರಿಗೆ ಏರುತ್ತದೆ. ಏರು ಹತ್ತುವಾಗ ಇನ್ನೂ ಹೆಚ್ಚು. ಹಾಗಾಗಿ ಒಂದು ಗಂಟೆಯ ಸವಾರಿಯಲ್ಲಿ ಒಳಗೆ ಹೋಗುವ ಹೊಗೆ, ಅದೇ ಗಾಳಿಯಲ್ಲಿ ಕುರ್ಚಿ ಹಾಕಿಕೊಂಡು ಏಳು ಗಂಟೆ ಕೂತರೆ ಹೋಗುವಷ್ಟು. ಏದುಸಿರು ಬಂದಾಗ ಬಾಯಿಂದ ಉಸಿರಾಡುವುದರಿಂದ ಮೂಗಿನ ಸೋಸುವ ಕೆಲಸವೂ ತಪ್ಪಿಹೋಗುತ್ತದೆ. ಹೆಂಡತಿಯ ಆತಂಕಕ್ಕೆ ಕಾರಣವಿದೆ.

ಅಮೆರಿಕದ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯೂಐ, 100ರ ಒಳಗಿದ್ದರೆ ಆರೋಗ್ಯವಂತ ವಯಸ್ಕರು ಎಂದಿನಂತೆ ಹೊರಡಬಹುದು. 101ರಿಂದ 150ರವರೆಗೆ ಅರ್ಧ ಗಂಟೆಯೊಳಗೆ, ಮಾತಾಡುತ್ತಾ ತುಳಿಯಬಹುದಾದಷ್ಟು ನಿಧಾನದ ಸವಾರಿ ಸಾಕು. ಏರುದಾರಿ, ಪೈಪೋಟಿ ಬೇಡ. 150 ದಾಟಿದರೆ ಸೈಕಲ್ ಮನೆಯಲ್ಲೇ ಇರಲಿ. 200 ದಾಟಿದ ಮೇಲೆ ಯಾರಿಗೂ ಹೊರಗಿನ ವ್ಯಾಯಾಮ ಸಲ್ಲದು.

ಆಕಾಶ ನೋಡಿ ಅಂದಾಜು ಮಾಡುವುದು ಎರಡೂ ಕಡೆಗೆ ತಪ್ಪುತ್ತದೆ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಗಲೇ ಕತ್ತಲಾಗಿ ಬಾನು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಜನ ಹೆದರಿದ್ದರು. ಆದರೆ ಆ ದಿನ ಹೊಗೆಯ ಬಹುಭಾಗ ಮೇಲೇ ಇತ್ತು, ಸಮುದ್ರದ ತಂಪು ಗಾಳಿಯ ಪದರ ಅದನ್ನು ಕೆಳಗಿಳಿಯಲು ಬಿಟ್ಟಿರಲಿಲ್ಲ. ಬಾನಿನ ಬಣ್ಣ ತಿಳಿಯಾದ ಮುಂದಿನ ದಿನಗಳಲ್ಲೇ ಹೊಗೆ ನೆಲಕ್ಕಿಳಿದು ಉಸಿರಾಡುವ ಗಾಳಿ ಹೆಚ್ಚು ಕೆಟ್ಟಿತು.

ಅಮೆರಿಕ ಸರ್ಕಾರದ ಏರ್‌ನೌ ‘ಫೈರ್ ಆ್ಯಂಡ್ ಸ್ಮೋಕ್ ಮ್ಯಾಪ್’ ತೆರೆದು ಸೈಕಲ್ ಹಾದಿಗೆ ಹತ್ತಿರದ ಗುರುತನ್ನು ಒತ್ತಿ. ದುಂಡಗಿರುವುದು ಕಾಯಂ ಮಾಪನ ಕೇಂದ್ರ. ಚೌಕ ಎಂದರೆ ಜನರು ಮನೆಗಳಲ್ಲಿ ಹಾಕಿಕೊಂಡಿರುವ ಅಗ್ಗದ ಸೆನ್ಸರ್. ಈ ಸೆನ್ಸರ್‌ಗಳು ಹೊಗೆಯನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುವುದುಂಟು, ಈ ನಕ್ಷೆಯಲ್ಲಿ ಅದನ್ನು ಸರಿಪಡಿಸಿರುತ್ತಾರೆ. ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದನ್ನೂ ಗಮನಿಸಿ. ರಾತ್ರಿಯ ತಂಪಿಗೆ ಹೊಗೆ ಕಣಿವೆಯಲ್ಲಿ ತಳ ಹಿಡಿದಿರುವುದರಿಂದ, ಹಲವು ದಿನ ಬೆಳಗಿನ ಗಾಳಿಗಿಂತ ಮಧ್ಯಾಹ್ನದ್ದೇ ವಾಸಿ.

ಪ್ರಶ್ನೆ: ಮೈಸೂರಿನಲ್ಲಿರುವ ನಮ್ಮ ತಂದೆ ‘ಇಲ್ಲಿ 150 ಇದ್ದರೆ ಪರವಾಗಿಲ್ಲ ಅಂತಲೇ ತೋರಿಸುತ್ತೆ, ನೀನು ಸುಮ್ಮನೆ ಹೆದರ್ತೀಯ’ ಅನ್ನುತ್ತಾರೆ. ಅದೇ 150 ಇಲ್ಲೇಕೆ ಅಪಾಯ?

ಉತ್ತರ: ಎರಡು ದೇಶಗಳ ಅಳತೆಗೋಲು ಬೇರೆ. ಒಂದು ಘನ ಮೀಟರ್ ಗಾಳಿಯಲ್ಲಿ 55 ಮೈಕ್ರೋಗ್ರಾಂ ಪಿಎಂ 2.5 ಇದ್ದರೆ ಅಮೆರಿಕದ ಎಕ್ಯೂಐ ಸುಮಾರು 150. ಅಷ್ಟೇ ಕಣಗಳಿಗೆ ಭಾರತದ ಎಕ್ಯೂಐ 92ರ ಆಸುಪಾಸು; ಅದರ ಹಣೆಪಟ್ಟಿ ‘ತೃಪ್ತಿಕರ’. ಭಾರತದ 150 ಎಂದರೆ ಸುಮಾರು 75 ಮೈಕ್ರೋಗ್ರಾಂ. ಅಮೆರಿಕದ ಲೆಕ್ಕದಲ್ಲಿ ಅದು 160 ದಾಟಿ, ಎಲ್ಲರಿಗೂ ಹಾನಿಕರ ಎನ್ನುವ ಕೆಂಪು ಪಟ್ಟಿಗೆ ಸೇರುತ್ತದೆ. 24 ಗಂಟೆಯ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15 ಮೈಕ್ರೋಗ್ರಾಂ. ಭಾರತದ ಮಾನದಂಡ 60. ಮೈಸೂರಿನ ಶ್ವಾಸಕೋಶಕ್ಕೂ ಫೋಲ್ಸಮ್‌ನ ಶ್ವಾಸಕೋಶಕ್ಕೂ ತಾಳಿಕೊಳ್ಳುವ ಶಕ್ತಿ ಒಂದೇ. ತಂದೆಯವರೂ ವಾಕಿಂಗ್ ಹೊರಡುವ ಮುನ್ನ ಎಕ್ಯೂಐ ಬದಲು ಮೈಕ್ರೋಗ್ರಾಂ ಸಂಖ್ಯೆಯನ್ನೇ ನೋಡುವುದು ಒಳ್ಳೆಯದು.

ಪ್ರಶ್ನೆ: ಸೈಕಲ್ ತುಳಿಯುವುದರಿಂದ ಹೃದಯಕ್ಕೆ ಆಗುವ ಲಾಭ ಹೊಗೆಯ ನಷ್ಟಕ್ಕಿಂತ ಹೆಚ್ಚು ಎಂದು ಓದಿದ ನೆನಪು. ನಿಜವೇ?

ಉತ್ತರ: ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2016ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೊಂದು ಹಾಗೆ ಹೇಳಿತ್ತು. ಬಹುತೇಕ ನಗರಗಳ ಗಾಳಿಯಲ್ಲಿ ಸೈಕಲ್ ಸವಾರಿಯಿಂದ ಲಾಭವೇ ಹೆಚ್ಚು, ಪಿಎಂ 2.5 ಪ್ರಮಾಣ 100 ಮೈಕ್ರೋಗ್ರಾಂ ಇರುವಲ್ಲಿ ದಿನಕ್ಕೆ ಒಂದೂವರೆ ಗಂಟೆ ಮೀರಿದರೆ ನಷ್ಟ ಮೇಲಾಗುತ್ತದೆ ಎಂಬುದು ಅದರ ಸಾರ. ಅದು ವರ್ಷಗಟ್ಟಲೆ ಇರುವ ನಗರ ಮಾಲಿನ್ಯದ ಲೆಕ್ಕ. ಕಾಡ್ಗಿಚ್ಚಿನ ಹೊಗೆ ಒಂದೇ ದಿನದಲ್ಲಿ ಹಲವು ಪಟ್ಟು ಏರುತ್ತದೆ, ಮೇಲಾಗಿ ಅದರ ಗುಣವೂ ಬೇರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲಾತಿಗಳನ್ನು ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದಾಗ ಉಸಿರಾಟದ ತೊಂದರೆಗೆ ದಾಖಲಾಗುವವರು, ಕಾಡ್ಗಿಚ್ಚಿನ ಕಣಗಳಾದರೆ ಶೇ 1.3ರಿಂದ 10ರಷ್ಟು, ಬೇರೆ ಮೂಲದ ಕಣಗಳಾದರೆ ಶೇ 0.67ರಿಂದ 1.3ರಷ್ಟು ಹೆಚ್ಚಿದ್ದರು. ಮನೆ, ವಾಹನಗಳು ಉರಿದರೆ ಹೊಗೆಗೆ ಲೋಹವೂ ಸೇರುತ್ತದೆ. ಕ್ಯಾಂಪ್ ಫೈರ್ ಹೊಗೆಯಲ್ಲಿ ಸೀಸ ಮತ್ತು ಸತು ಸಿಕ್ಕಿದ್ದವು. ಸೈಕಲ್ ಬಿಟ್ಟ ಒಂದೆರಡು ವಾರದಲ್ಲಿ ಹೃದಯದ ಶಕ್ತಿ ಹೇಳಿಕೊಳ್ಳುವಷ್ಟು ಕುಗ್ಗುವುದಿಲ್ಲ.

ಪ್ರಶ್ನೆ: ಮಾಸ್ಕ್ ಹಾಕಿಕೊಂಡು ಹೋದರೆ?

ಉತ್ತರ: ಬಟ್ಟೆಯ ಮಾಸ್ಕ್, ಸರ್ಜಿಕಲ್ ಮಾಸ್ಕ್, ಒದ್ದೆ ಕರವಸ್ತ್ರ ಇವುಗಳನ್ನು ಹೊಗೆಗೆ ನಂಬುವಂತಿಲ್ಲ. ಮುಖಕ್ಕೆ ಸರಿಯಾಗಿ ಅಂಟಿ ಕೂತ ಎನ್95 ಕಣಗಳಲ್ಲಿ ಶೇ 95ರಷ್ಟನ್ನು ತಡೆಯುತ್ತದೆ. ಗಡ್ಡವಿದ್ದರೆ ಅಂಚಿನಿಂದಲೇ ಗಾಳಿ ನುಗ್ಗುತ್ತದೆ. ಕಾರ್ಬನ್ ಮಾನಾಕ್ಸೈಡ್‌ನಂಥ ಅನಿಲಗಳನ್ನು ಅದು ತಡೆಯುವುದೇ ಇಲ್ಲ. ಏದುಸಿರು ಬಂದಾಗ ಮಾಸ್ಕ್ ಬೆವರಿಗೆ ನೆನೆದು ಉಸಿರು ಕಟ್ಟಿದಂತಾಗುತ್ತದೆ, ಕೈ ತಾನಾಗಿ ಅದನ್ನು ಕೆಳಗೆಳೆಯುತ್ತದೆ. ಸೈಕಲ್ಲೇ ಗತಿಯಾಗಿ ಕೆಲಸಕ್ಕೆ ಹೋಗಬೇಕಾದವರು ಎನ್95 ಹಾಕಿ, ನಿಧಾನವಾಗಿ, ಹತ್ತಿರದ ದಾರಿಯಲ್ಲಿ ಹೋಗಲಿ. ವ್ಯಾಯಾಮಕ್ಕೆಂದು ಹೊರಡುವವರಿಗೆ ಮಾಸ್ಕ್ ಪರಿಹಾರವಾಗದು.

ಪ್ರಶ್ನೆ: 13 ವರ್ಷದ ಮಗಳಿಗೆ ಆಸ್ತಮಾ ಇದೆ. ಶಾಲೆಗೆ ಸೈಕಲ್ಲಿನಲ್ಲಿ ಹದಿನೈದು ನಿಮಿಷದ ದಾರಿ. ಕಳಿಸಬಹುದೇ?

ಉತ್ತರ: ಅವಳಿಗೆ ಮೇಲಿನ ಮಿತಿಗಳು ಹೊಂದುವುದಿಲ್ಲ. ಎಕ್ಯೂಐ 100 ದಾಟಿದ ದಿನ ಕಿಟಕಿ ಏರಿಸಿದ ಕಾರಿನಲ್ಲಿ ಬಿಟ್ಟುಬನ್ನಿ. ಎಸಿಯನ್ನು ಒಳಗಿನ ಗಾಳಿಯೇ ಸುತ್ತುವಂತೆ ಇಡಿ. 51ರಿಂದ 100ರ ನಡುವೆ ಅವಳಿಗೆ ಕೆಮ್ಮು, ಎದೆ ಬಿಗಿತ ಇಲ್ಲದಿದ್ದರೆ ಮಾತ್ರ ಸೈಕಲ್. ದಿನಾ ತೆಗೆದುಕೊಳ್ಳುವ ಇನ್‌ಹೇಲರ್ ತಪ್ಪಬಾರದು, ತಕ್ಷಣ ಉಪಶಮನ ಕೊಡುವ ಇನ್‌ಹೇಲರ್ ಶಾಲೆಯ ಬ್ಯಾಗಿನಲ್ಲೇ ಇರಬೇಕು. ನಿಮ್ಮ ಕಣಿವೆಯಲ್ಲೇ ಇರುವ ಡೇವಿಸ್‌ನ ವಾನರ ಸಂಶೋಧನಾ ಕೇಂದ್ರದಲ್ಲಿ, 2008ರ ಕಾಡ್ಗಿಚ್ಚಿನ ಬೇಸಿಗೆಯಲ್ಲಿ ಹೊರಾಂಗಣದಲ್ಲಿದ್ದ ಕೋತಿಮರಿಗಳನ್ನು ವಿಜ್ಞಾನಿಗಳು ಬೆಳೆದ ಮೇಲೆ ಪರೀಕ್ಷಿಸಿದಾಗ, ಅವುಗಳ ಶ್ವಾಸಕೋಶದ ಸಾಮರ್ಥ್ಯ ಕಡಿಮೆಯಿತ್ತು. ಬೆಳೆಯುವ ಶ್ವಾಸಕೋಶವನ್ನು ಹೆಚ್ಚು ಜೋಪಾನ ಮಾಡಬೇಕು. ಗರ್ಭಿಣಿಯರು, ಹೃದ್ರೋಗಿಗಳು, 65 ದಾಟಿದವರೂ ಇದೇ ಎಚ್ಚರಿಕೆ ಪಾಲಿಸಬೇಕು.

ಪ್ರಶ್ನೆ: ಹಾಗಾದರೆ ಮನೆಯೊಳಗೆ ಸ್ಟ್ಯಾಂಡಿಗೆ ಸೈಕಲ್ ಸಿಕ್ಕಿಸಿ ತುಳಿದರೆ ಆದೀತೇ?

ಉತ್ತರ: ಆದೀತು, ಒಳಗಿನ ಗಾಳಿ ಚೆನ್ನಾಗಿದ್ದರೆ. ಗ್ಯಾರೇಜಿನಲ್ಲಿ ಬಾಗಿಲು ತೆರೆದು ತುಳಿದರೆ ಹೊರಗೆ ಹೋದಂತೆಯೇ. ಒಂದು ಕೋಣೆಯ ಕಿಟಕಿ, ಬಾಗಿಲು ಮುಚ್ಚಿ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಓಡಿಸಿ. ಅದಿಲ್ಲದಿದ್ದರೆ ಚೌಕನೆಯ ಬಾಕ್ಸ್ ಫ್ಯಾನಿಗೆ ಮರ್ವ್ 13 ದರ್ಜೆಯ ನಾಲ್ಕು ಫಿಲ್ಟರ್‌ಗಳನ್ನು ಡಬ್ಬದಂತೆ ಜೋಡಿಸಿ, ಸಂದುಗಳಿಗೆ ಟೇಪ್ ಸುತ್ತಿ ಮಾಡುವ ಕೊರ್ಸಿ–ರೊಸೆಂಥಾಲ್ ಪೆಟ್ಟಿಗೆಯೂ ಚೆನ್ನಾಗಿ ಸೋಸುತ್ತದೆ. ಆ ದಿನಗಳಲ್ಲಿ ಊದುಬತ್ತಿ, ಧೂಪ, ಪೂರಿ ಕರಿಯುವುದು, ಒಣಮೆಣಸಿನಕಾಯಿಯ ಘಾಟಿನ ಒಗ್ಗರಣೆ ಬೇಡ. ಅವೂ ಇದೇ ಗಾತ್ರದ ಕಣಗಳನ್ನು ಮನೆ ತುಂಬಿಸುತ್ತವೆ.

ಪ್ರಶ್ನೆ: ಕಳೆದ ವಾರ ಹೊಗೆಯಲ್ಲೇ ಹೋಗಿಬಂದೆ. ಅಂದಿನಿಂದ ಗಂಟಲು ಕೆರೆತ, ಒಣಕೆಮ್ಮು. ತೋರಿಸಬೇಕೇ?

ಉತ್ತರ: ಗಂಟಲು ಕೆರೆತ, ಕಣ್ಣುರಿ ಶುದ್ಧ ಗಾಳಿಯಲ್ಲಿದ್ದರೆ ಕೆಲವು ದಿನಗಳಲ್ಲಿ ಇಳಿಯುತ್ತವೆ. ಕೆಮ್ಮು ಎರಡು ವಾರ ದಾಟಿದರೆ, ಇಲ್ಲವೇ ಉಸಿರಾಡುವಾಗ ಸುಂಯ್ ಎಂಬ ಸದ್ದು ಬಂದರೆ ವೈದ್ಯರನ್ನು ಕಂಡು ಸ್ಪೈರೊಮೆಟ್ರಿ, ಅಂದರೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ, ಮಾಡಿಸಿ. ಅಡಗಿದ್ದ ಆಸ್ತಮಾ ಹೊಗೆಯಿಂದ ಮೊದಲ ಬಾರಿಗೆ ಬಯಲಾಗುವುದುಂಟು. ಎದೆನೋವು, ಕೂತಲ್ಲೇ ಏದುಸಿರು, ತಲೆ ಸುತ್ತು, ಎದೆ ಹೊಡೆದುಕೊಳ್ಳುವುದು ಕಂಡರೆ ಕಾಯದೆ 911ಕ್ಕೆ ಕರೆ ಮಾಡಿ. ಕೆಮ್ಮು ಪೂರ್ತಿ ನಿಂತು, ಎಕ್ಯೂಐ 50ರೊಳಗೆ ಬಂದ ದಿನ ಅರ್ಧ ಗಂಟೆಯ ಸಮತಟ್ಟಾದ ಸವಾರಿಯಿಂದ ಮತ್ತೆ ಶುರು ಮಾಡಿ. ಬೆಂಕಿ ಹಾದುಹೋದ ರಸ್ತೆಗಳಲ್ಲಿ ಬೂದಿ ಇನ್ನೂ ಹಾರುತ್ತಿದ್ದರೆ, ಮಳೆ ಬಂದು ಅದು ತೊಳೆದುಹೋಗುವವರೆಗೆ ಆ ದಾರಿ ಹಿಡಿಯಬೇಡಿ.