ಭೂಮಿಯ ಪ್ರಾಯವೂ ಸಹೋದರರ ಐಕ್ಯವೂ

ಪಾಠಭಾಗ: ಆದಿಕಾಂಡ 1ನೇ ಅಧ್ಯಾಯ, ರೋಮಾಪುರದವರಿಗೆ 14: 1–12



ಸಿದ್ಧಕಟ್ಟೆಯಿಂದ ಮೂಡಬಿದ್ರೆಗೆ ಹೋಗಿ ಸಾವಿರ ಕಂಬದ ಬಸದಿಯನ್ನು ನೋಡಿದವರು ನಮ್ಮಲ್ಲಿ ಅನೇಕರಿರುವರು. ಅದು 1430ರಲ್ಲಿ ಕಟ್ಟಲ್ಪಟ್ಟಿತು. ಆದರೆ ಆ ಕಂಬಗಳ ಕಲ್ಲಿನ ಪ್ರಾಯವೆಷ್ಟು ಎಂದು ಕೇಳಿದರೆ ಕಟ್ಟಿದವರ ಲೆಕ್ಕವು ಉತ್ತರ ಕೊಡಲಾರದು. ಇಂಥ ಪ್ರಶ್ನೆಯು ಈಗ ನಮ್ಮ ಮನೆಗಳೊಳಗೂ ಬಂದದೆ. ಭೂಮಿಗೆ 454 ಕೋಟಿ ವರುಷವೆಂದು ಮೊಮ್ಮಗಳು ಶಾಲೆಯಲ್ಲಿ ಓದುತ್ತಾಳೆ. ಆರು ಸಾವಿರವೆಂದು ಅಜ್ಜನು ಕೇಳಿ ಬೆಳೆದಿದ್ದಾನೆ. ಆಕೆಯು ಅಜ್ಜನನ್ನು ಅಜ್ಞಾನಿಯೆಂದೂ ಅಜ್ಜನು ಆಕೆಯನ್ನು ನಂಬಿಕೆ ಬಿಟ್ಟವಳೆಂದೂ ಎಣಿಸಿದರೆ ಮನೆಯ ಪ್ರಾರ್ಥನೆಯೇ ನಿಂತುಹೋಗುವದು. ಆದಕಾರಣ ಇದನ್ನು ಶಾಂತವಾಗಿ ವಿಚಾರಿಸೋಣ.

1. ಆರು ಸಾವಿರವೆಂಬ ಲೆಕ್ಕವು ಎಲ್ಲಿಂದ ಬಂತು?

ಸತ್ಯವೇದದ ಯಾವ ವಚನದಲ್ಲಿಯೂ ಈ ಸಂಖ್ಯೆಯು ಬರೆದಿರುವದಿಲ್ಲ. ಪಿತೃಗಳ ವಂಶಾವಳಿಗಳನ್ನೂ ಅರಸುಗಳ ಆಳಿಕೆಗಳನ್ನೂ ಕೂಡಿಸಿ ಭಕ್ತರಾದ ಪಂಡಿತರು ಅದನ್ನು ಎಣಿಸಿದರು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎಂಬವರು 1650ರಲ್ಲಿ, ಸೃಷ್ಟಿಯು ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದು ಪ್ರಕಟಿಸಿದರು. ಯೆಹೂದ್ಯರ ಪಂಚಾಂಗವು ಕ್ರಿಸ್ತಪೂರ್ವ 3761ರಿಂದ ಎಣಿಸುತ್ತದೆ. ಗ್ರೀಕ್ ಭಾಷಾಂತರದಲ್ಲಿ ಪಿತೃಗಳ ವರುಷಗಳು ಹೆಚ್ಚಾಗಿರುವದರಿಂದ ಪೂರ್ವದೇಶದ ಗ್ರೀಕ್ ಸಭೆಯವರು 5509 ಎಂದು ಹಿಡಿದರು. ಅಷರರ ವರುಷಗಳನ್ನು 1701ರಿಂದ ಇಂಗ್ಲಿಷ್ ಸತ್ಯವೇದದ ಅಂಚಿನಲ್ಲಿ ಅಚ್ಚುಹಾಕಿದ್ದರಿಂದ, ಅಂಚಿನ ಬರಹವನ್ನು ವಚನದಷ್ಟೇ ದೃಢವೆಂದು ಅನೇಕರು ಭಾವಿಸಿದರು.

2. ಕಲ್ಲುಗಳ ಲೆಕ್ಕವು ಹೇಗೆ?

ಕೆಲವು ಕಲ್ಲುಗಳಲ್ಲಿ ಯುರೇನಿಯಂ ಎಂಬ ಲೋಹವು ಸ್ವಲ್ಪ ಸ್ವಲ್ಪ ಇರುತ್ತದೆ. ಅದು ಗೊತ್ತಾದ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತದೆ; ಅದರ ಮುಖ್ಯ ಜಾತಿಯಲ್ಲಿ ಅರ್ಧಭಾಗವು ಮಾರ್ಪಡಲು ಸುಮಾರು 447 ಕೋಟಿ ವರುಷ ಬೇಕು. ಉಳಿದಿರುವದೆಷ್ಟು, ಸೀಸವಾದದ್ದೆಷ್ಟು ಎಂದು ಅಳೆದರೆ ಕಲ್ಲಿನ ಪ್ರಾಯವು ತಿಳಿಯುವದು. ಆಕಾಶದಿಂದ ಬಿದ್ದ ಉಲ್ಕೆಗಳ ಸೀಸವನ್ನು ಪರೀಕ್ಷಿಸಿ ಕ್ಲೇರ್ ಪ್ಯಾಟರ್ಸನ್ ಎಂಬ ವಿದ್ವಾಂಸರು 1956ರಲ್ಲಿ ಭೂಮಿಗೆ ಸುಮಾರು 455 ಕೋಟಿ ವರುಷವೆಂದು ತೋರಿಸಿದರು. ಮುಂದಿನ ಪರೀಕ್ಷೆಗಳೂ ಅದಕ್ಕೆ ಹೊಂದಿಕೊಂಡಿವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರುಷವೆಂದೂ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ ಸುಮಾರು 8.8 ಕೋಟಿ ವರುಷವೆಂದೂ ಭೂಶಾಸ್ತ್ರಜ್ಞರು ಹೇಳುತ್ತಾರೆ. ಇವರಲ್ಲಿ ಕ್ರೈಸ್ತರೂ ಇದ್ದಾರೆ. ಇದು ದೇವರನ್ನು ಅಲ್ಲಗಳೆಯಲು ಕಟ್ಟಿದ ಕಥೆಯಲ್ಲ.

3. ಭಕ್ತರು ಹೇಗೆ ಭಿನ್ನರಾದರು?

ಕೆಲವರು ಆರು ದಿನಗಳನ್ನು ನಮ್ಮ ದಿನಗಳಂತೆಯೇ ತಿಳಿಯುತ್ತಾರೆ. ಸಬ್ಬತ್ತಿನ ಆಜ್ಞೆಯು ನಮ್ಮ ವಾರಕ್ಕೆ ಅವುಗಳನ್ನೇ ಮಾದರಿಯಾಗಿಡುತ್ತದಲ್ಲಾ (ವಿಮೋಚನಕಾಂಡ 20: 11) ಎಂಬದೇ ಅವರ ಆಧಾರ. ಅದು ಹಗುರವಾದ ಮಾತಲ್ಲ. ಬೇರೆ ಕೆಲವರು, ಸೂರ್ಯನು ನಾಲ್ಕನೆಯ ದಿನದಲ್ಲಿ ಕಾಣಿಸಿಕೊಳ್ಳುವದರಿಂದ ಮೊದಲಿನ ಮೂರು ದಿನಗಳನ್ನು ಯಾವ ಗಡಿಯಾರದಿಂದ ಅಳೆಯುವದು ಎಂದು ಕೇಳುತ್ತಾರೆ. ಆಫ್ರಿಕದ ಬಿಷಪನಾದ ಅಗಸ್ಟೀನನು (354–430) ಆ ದಿನಗಳು ನಮ್ಮ ದಿನಗಳಂಥವುಗಳಲ್ಲವೆಂದು ತಿಳಿದನು. ಆದರೂ ಲೋಕಕ್ಕೆ ಆರು ಸಾವಿರ ವರುಷವೂ ತುಂಬಲಿಲ್ಲವೆಂದೇ ಎಣಿಸಿದನು. ಸ್ಕಾಟ್‌ಲೆಂಡಿನ ಬೋಧಕರಾದ ಥಾಮಸ್ ಚಾಮರ್ಸರು 1814ರಲ್ಲಿ, ಮೊದಲನೆಯ ವಚನಕ್ಕೂ ಆರು ದಿನಗಳಿಗೂ ನಡುವೆ ಬಹುಕಾಲ ಕಳೆದಿರಬಹುದೆಂದು ಬರೆದರು.

ಅದೇ ದೇಶದ ಹ್ಯೂ ಮಿಲ್ಲರ್ (1802–1856) ಯೌವನದಲ್ಲಿ ಕಲ್ಲುಕೆಲಸದವರಾಗಿದ್ದರು. ಮುರಕಲ್ಲು ಕಡಿದು ಜೀವಿಸುವ ನಮ್ಮ ಸಹೋದರರಂತೆ ಅವರೂ ಕೋರೆಯ ಧೂಳನ್ನು ಬಲ್ಲವರು. ಬಂಡೆಗಳೊಳಗೆ ಕಲ್ಲಾಗಿಹೋದ ಪುರಾತನ ಮೀನುಗಳನ್ನು ಕಂಡು, ಸೃಷ್ಟಿಯ ದಿನಗಳು ದೀರ್ಘವಾದ ಯುಗಗಳೆಂದು ಬೋಧಿಸಿದರು. ಆ ಕಾರಣದಿಂದ ಅವರು ಸಭೆಯನ್ನು ಬಿಡಲಿಲ್ಲ. ಅದರ ಪಕ್ಷವಾಗಿ ಪತ್ರಿಕೆಯನ್ನು ನಡಿಸಿದರು.

4. ನಾವು ನಡೆಯತಕ್ಕ ರೀತಿ

ರೋಮಾಪುರದ ಸಭೆಯವರು ಆಹಾರದ ಮತ್ತು ವಿಶೇಷ ದಿನಗಳ ವಿಷಯದಲ್ಲಿ ಭಿನ್ನರಾಗಿದ್ದಾಗ, ಪೌಲನು ಒಬ್ಬರನ್ನೊಬ್ಬರು ಹೀನೈಸುವದನ್ನೂ ತೀರ್ಪುಮಾಡುವದನ್ನೂ ತಡೆದನು. ಓದಿದವನಿಗೆ ಹೀನೈಸುವ ಶೋಧನೆ, ಹಿರಿಯನಿಗೆ ತೀರ್ಪುಮಾಡುವ ಶೋಧನೆ. ಇವೆರಡೂ ಒಂದೇ ರೋಗದ ಎರಡು ಮುಖಗಳು.

ಹಾಗಾದರೆ ಕಲ್ಲಿನ ಲೆಕ್ಕವನ್ನು ಜರೆಯುವವನು ಮೊದಲು ಅದರ ವಿಧವನ್ನು ಕಲಿಯಲಿ. ಆರು ದಿನಗಳನ್ನು ಅಕ್ಷರಾರ್ಥವಾಗಿ ಹಿಡಿದವನನ್ನು ನಗುವವನು ಮೊದಲು ಅವನ ಆಧಾರವಚನವನ್ನು ಓದಲಿ. ಎದುರಿನವನು 'ಹೌದು, ನನ್ನ ಅಭಿಪ್ರಾಯ ಇದೇ' ಎಂದು ಒಪ್ಪುವ ಹಾಗೆ ಅವನ ಮಾತನ್ನು ಹೇಳಬಲ್ಲವನೇ ಅವನಿಗೆ ಉತ್ತರ ಕೊಡಲು ಯೋಗ್ಯನು. ಮಕ್ಕಳು ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಮರೆಮಾಡಬೇಕಾಗದಿರಲಿ; ಹೆದರಿ ಮುಚ್ಚಿದ ಬಾಯಿಯು ನಂಬುವ ಹೃದಯದ ಗುರುತಲ್ಲ. ವರುಷಗಳ ಸಂಖ್ಯೆಯನ್ನು ಕರ್ತನ ಭೋಜನಕ್ಕೆ ಬೇಲಿಯಾಗಿ ಯಾರೂ ಕಟ್ಟದಿರಲಿ. ನಾವು ಅರಿಕೆಮಾಡುವ ನಂಬಿಕೆಯಲ್ಲಿ ಸೃಷ್ಟಿಕರ್ತನ ಹೆಸರು ಉಂಟು, ಸೃಷ್ಟಿಯ ತಾರೀಕು ಇಲ್ಲ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಕ್ರಿಸ್ತಪೂರ್ವ 4004, 3761, 5509 ಎಂಬ ಮೂರು ಲೆಕ್ಕಗಳು ಏಕೆ ಒಂದಾಗಲಿಲ್ಲ?
2. ನಮಗೆ ಒಪ್ಪಿಗೆಯಾಗದ ಪಕ್ಷದ ಅತಿ ಬಲವಾದ ಕಾರಣವು ಯಾವದು?
3. ಈ ವಿಷಯದಲ್ಲಿ ನಾವು ಮಾತು ಬಿಟ್ಟಿರುವ ಸಹೋದರನು ಅಥವಾ ಸಹೋದರಿಯು ಯಾರಾದರೂ ಇದ್ದಾರೋ? ಅವರ ಮನೆಗೆ ಯಾವಾಗ ಹೋಗುವೆವು?