"ಸತ್ತಿದ್ದರೆ ಚೆನ್ನಾಗಿತ್ತು" ಎನ್ನುವ ಮಗುವಿಗೆ ಏನು ಉತ್ತರ?

ಪರೀಕ್ಷೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಹೆಚ್ಚು ಅಂಕ ಪಡೆದವರ ಭಾವಚಿತ್ರಗಳಿರುತ್ತವೆ. ಒಳಪುಟದ ಮೂಲೆಯಲ್ಲಿ ಕೆಲವೊಮ್ಮೆ ನಾಲ್ಕು ಸಾಲಿನ ಇನ್ನೊಂದು ಸುದ್ದಿ: ಅನುತ್ತೀರ್ಣನಾದ ಬಾಲಕನ ಆತ್ಮಹತ್ಯೆ. ಅದನ್ನು ಓದಿದಾಗ ನಮ್ಮಲ್ಲಿ ಅನೇಕರ ಬಾಯಿಂದ ಮೊದಲು ಹೊರಡುವ ಮಾತು, "ಈಮಾನ್ ದುರ್ಬಲವಾಗಿತ್ತು" ಎಂಬುದು.

ಆತ್ಮಹತ್ಯೆ ಇಸ್ಲಾಮಿನಲ್ಲಿ ನಿಷಿದ್ಧ. ಇದರಲ್ಲಿ ಎರಡು ಮಾತಿಲ್ಲ; ಮದ್ರಸಕ್ಕೆ ಹೋಗುವ ಸಣ್ಣ ಮಗುವಿಗೂ ಅದು ಗೊತ್ತು. ಆದರೆ ಪ್ರಿಯ ಓದುಗರೇ, ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 29ನೇ ಸೂಕ್ತವನ್ನು ಒಮ್ಮೆ ಕೊನೆಯ ತನಕ ಓದಿ ನೋಡಿ. ನಿಮ್ಮನ್ನು ನೀವೇ ಕೊಲ್ಲಬಾರದೆಂಬ ಆಜ್ಞೆಯ ಬೆನ್ನಿಗೇ ಅಲ್ಲಾಹನು ತಾನು ನಿಮ್ಮ ಮೇಲೆ ಕರುಣೆಯುಳ್ಳವನೆಂದು ತಿಳಿಸುತ್ತಾನೆ. ಶಿಕ್ಷೆಯ ಎಚ್ಚರಿಕೆ ಬರುವುದು ಅದರ ಮುಂದಿನ ಸೂಕ್ತದಲ್ಲಿ. ಕರುಣೆ ಮೊದಲು, ಎಚ್ಚರಿಕೆ ಆಮೇಲೆ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ನಮ್ಮ ದೇಶದಲ್ಲಿ ದಾಖಲಿಸಿದ ಆತ್ಮಹತ್ಯೆಗಳು 1,70,924. ಅವುಗಳಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಇಷ್ಟೂ ಸಾವುಗಳನ್ನು ಪರೀಕ್ಷೆಯ ಲೆಕ್ಕಕ್ಕೆ ಬರೆಯುವುದು ಸುಲಭ. ಆದರೆ ನಪಾಸಾದ ಲಕ್ಷಾಂತರ ಮಕ್ಕಳು ಮತ್ತೆ ಪರೀಕ್ಷೆಗೆ ಕುಳಿತು ಬದುಕಿಯೇ ಇದ್ದಾರಲ್ಲ! ಒಂದೇ ಕಾರಣದಿಂದ ಯಾವ ಮಗುವೂ ಆ ಅಂಚಿಗೆ ಬರುವುದಿಲ್ಲ. ಬಹಳ ದಿನಗಳಿಂದ ಒಳಗೇ ಬೆಳೆದ ಖಿನ್ನತೆ, ಮನೆಯಲ್ಲಿ ತಂದೆಯ ಕುಡಿತ, ದಿನವೂ ನಡೆಯುವ ಜಗಳ, ಹೊಡೆತ, ಯಾರಿಗೂ ಹೇಳಲಾಗದ ಲೈಂಗಿಕ ದೌರ್ಜನ್ಯ, ಗೆಳೆಯರ ಕುಚೋದ್ಯ, ಕುಟುಂಬದಲ್ಲಿ ಹಿಂದೆ ನಡೆದ ಅಂತಹದೇ ಸಾವು, ಇವು ಒಂದರ ಮೇಲೊಂದು ಪೇರಿರುತ್ತವೆ. ಪರೀಕ್ಷೆಯ ಫಲಿತಾಂಶ ಅವುಗಳ ಮೇಲೆ ಬಿದ್ದ ಕೊನೆಯ ಕಲ್ಲು ಅಷ್ಟೆ. ಹದಿಹರೆಯದ ಖಿನ್ನತೆ ಯಾವಾಗಲೂ ಅಳುವಿನ ರೂಪದಲ್ಲಿ ಬರುವುದಿಲ್ಲ ಎಂಬುದನ್ನೂ ನೆನಪಿಡಿ. ಮಾತುಮಾತಿಗೆ ಸಿಡುಕುವ ಹುಡುಗನನ್ನು ನಾವು ಅಹಂಕಾರಿ ಎನ್ನುತ್ತೇವೆ. ಅವನು ರೋಗಿಯಾಗಿರಲೂಬಹುದು. ಅಲ್ಲದೆ ಆವೇಗಕ್ಕೆ ಕಡಿವಾಣ ಹಾಕುವ ಮೆದುಳಿನ ಭಾಗವು ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಿರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪಾಯದ ಗುರುತು, ಹಿಂದೊಮ್ಮೆ ಸಾಯಲು ಯತ್ನಿಸಿದ್ದು. ನಾವು ಅತ್ಯಂತ ಜತನದಿಂದ ಮುಚ್ಚಿಡುವುದೂ ಅದನ್ನೇ. "ಹೆದರಿಸಲು ನಾಟಕವಾಡಿದಳು" ಎಂದು ಹೇಳಿ ಸುಮ್ಮನಾಗುತ್ತೇವೆ; ನಾಳೆ ಮದುವೆಯ ಮಾತು ಬಂದಾಗ ತೊಂದರೆಯಾಗಬಾರದಲ್ಲ!

ಹ. ಅನಸ್(ರ) ಹತ್ತು ವರ್ಷದ ಬಾಲಕನಾಗಿ ಪ್ರವಾದಿವರ್ಯರ(ಸ) ಸೇವೆಗೆ ಬಂದವರು. ಮುಂದಿನ ಹತ್ತು ವರ್ಷಗಳಲ್ಲಿ ಅವರಿಂದ ಒಮ್ಮೆಯೂ 'ಛೇ' ಎಂಬ ಮಾತನ್ನಾಗಲಿ, ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂಬ ಗದರಿಕೆಯನ್ನಾಗಲಿ ಕೇಳಲಿಲ್ಲವೆಂದು ಅವರೇ ತಿಳಿಸಿದ್ದಾರೆ. ಹತ್ತರಿಂದ ಇಪ್ಪತ್ತು ಎಂದರೆ ಯಾವ ವಯಸ್ಸು? ಹುಡುಗರು ಮರೆಯುವ, ಒಡೆಯುವ, ತಡಮಾಡುವ ವಯಸ್ಸು. ಈ ಹದೀಸನ್ನು ನಾವು ಪ್ರವಾದಿಯವರ(ಸ) ಸ್ವಭಾವದ ಹಿರಿಮೆ ಹೇಳಲು ಭಾಷಣಗಳಲ್ಲಿ ಬಳಸುತ್ತೇವೆ. ಅಂಕಪಟ್ಟಿ ಕೈಗೆ ಬಂದ ದಿನ, ನೆಂಟರಿಷ್ಟರ ಮುಂದೆ ಮಗನನ್ನು ನಿಲ್ಲಿಸಿ ಚಿಕ್ಕಪ್ಪನ ಮಗನೊಂದಿಗೆ ಹೋಲಿಸುವಾಗ ಮಾತ್ರ ಅದು ನೆನಪಾಗುವುದಿಲ್ಲ.

ಇನ್ನು ಹ. ಮರ್ಯಮರನ್ನು(ಅ) ನೋಡಿ. ಪ್ರಸವವೇದನೆಯಲ್ಲಿ ಒಂಟಿಯಾಗಿ ಖರ್ಜೂರದ ಮರದ ಬುಡಕ್ಕೆ ಬಂದ ಅವರು, ತಾನು ಇದಕ್ಕೆ ಮೊದಲೇ ಸತ್ತು ಎಲ್ಲರ ನೆನಪಿನಿಂದ ಅಳಿದು ಹೋಗಿದ್ದರೆ ಒಳ್ಳೆಯದಿತ್ತೆಂದು ಹಂಬಲಿಸಿದರೆಂದು ಕುರ್‌ಆನ್ ಹೇಳುತ್ತದೆ. ಅವರಿಗೆ ಅಲ್ಲಾಹನ ಕಡೆಯಿಂದ ಸಿಕ್ಕಿದ ಉತ್ತರವೇನು? "ಇಂತಹ ಮಾತಾಡಲು ನಾಚಿಕೆಯಿಲ್ಲವೇ" ಎಂದಲ್ಲ. ದುಃಖಿಸಬೇಡ ಎಂಬ ಸಾಂತ್ವನ ಮೊದಲು ಬಂತು. ಕಾಲ ಕೆಳಗೆ ನೀರಿನ ಒರತೆ, ಕೈಯಳವಿನಲ್ಲಿ ಮಾಗಿದ ಖರ್ಜೂರ. ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎಂಬ ಅಪ್ಪಣೆ. ಜನರ ಪ್ರಶ್ನೆಗಳಿಗೆ ಆ ದಿನ ಉತ್ತರಿಸಬೇಕಾದ ಹೊರೆಯನ್ನೂ ಅವರ ಮೇಲಿಂದ ಇಳಿಸಲಾಯಿತು. ಉಪದೇಶದ ಒಂದು ಪದವೂ ಅಲ್ಲಿಲ್ಲ.

ನಿಮ್ಮ ಮನೆಯ ಮಗು "ನಾನು ಎಲ್ಲರಿಗೂ ಭಾರ" ಎಂದರೆ, ಗೆಳೆಯರನ್ನು ಬಿಟ್ಟು ಮೂಲೆ ಸೇರಿದರೆ, ನಿದ್ದೆಗೆಟ್ಟರೆ, ಪ್ರೀತಿಯ ವಸ್ತುಗಳನ್ನು ಇವರಿಗೆ ಅವರಿಗೆ ಹಂಚತೊಡಗಿದರೆ, ಬದಿಯಲ್ಲಿ ಕುಳಿತು ನೇರವಾಗಿ ಕೇಳಿ: "ಸಾಯಬೇಕೆಂದು ಅನಿಸುತ್ತಿದೆಯಾ ಮಗಾ?" ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಸರಿಯಲ್ಲವೆಂದು ಅಧ್ಯಯನಗಳು ತೋರಿಸಿವೆ. ಹೌದೆಂದರೆ ಕಿರುಚಬೇಡಿ, ಫತ್ವಾ ಹೇಳಬೇಡಿ, ಒಂಟಿಯಾಗಿ ಬಿಡಬೇಡಿ. ತೋಟದ ಕೀಟನಾಶಕವನ್ನೂ ಅಜ್ಜಿಯ ಮಾತ್ರೆಗಳನ್ನೂ ಬೀಗದೊಳಗಿಡಿ. ಆ ಆವೇಗದ ಗಳಿಗೆ ಹಲವರಲ್ಲಿ ಅಲ್ಪಕಾಲದ್ದು. ಅದು ದಾಟುವ ತನಕ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಜಿನ್ನಿನ ಉಪದ್ರವವೆಂದು ಊರೂರು ಅಲೆದು ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ದುಆ ಮಾಡಿ, ಖಂಡಿತ ಮಾಡಿ. ಆದರೆ ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಪ್ರವಾದಿವರ್ಯರೇ(ಸ). ಮನೋವೈದ್ಯರ ಬಳಿಗೆ ಹೋಗುವುದು ತವಕ್ಕುಲಿಗೆ ವಿರುದ್ಧವಲ್ಲ. ಪೊಲೀಸ್ ಕೇಸಾದೀತೆಂಬ ಹೆದರಿಕೆಯಿಂದ ಆಸ್ಪತ್ರೆಗೆ ತಡಮಾಡುವುದೂ ಬೇಡ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. ಅವರನ್ನು ಶಿಕ್ಷಿಸುತ್ತಿದ್ದ ಹಳೆಯ 309ನೇ ಕಲಮು 2024ರ ಜುಲೈಯಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೂ ಕರ್ನಾಟಕದಲ್ಲಿ ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಫಲಿತಾಂಶದ ದಿನ ಈ ವಿಷಯವನ್ನು ಮಗುವಿಗೆ ನೆನಪಿಸುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಾಗಲಿ ರಾತ್ರಿಯಾಗಲಿ, ಹಣ ಕೊಡದೆ, ಕನ್ನಡದಲ್ಲೇ ಮಾತಾಡಬಹುದು. ತಂದೆ ತಾಯಿಯೂ ಕರೆ ಮಾಡಿ ದಾರಿ ಕೇಳಬಹುದು. ಜಮಾಅತಿನವರು ಈ ಐದು ಅಂಕಿಗಳನ್ನು ಮಸೀದಿಯ ಫಲಕದಲ್ಲಿ, ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಲಿ.