ಮಣ್ಣು ಬಟ್ಟೆಗಳ ಬೊಂಬೆಯನ್ನು ಮಾಡುವ ಕ್ರಮ

ನಮ್ಮ ಹೊಲಿಗೆಯ ತರಗತಿಯಲ್ಲಿ ಕಲಿತು ಹೋದ ಸೋದರಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರಷ್ಟೆ. ಮಕ್ಕಳಿಗೆ ಕೈಯಾರೆ ಬೊಂಬೆಯನ್ನು ಮಾಡಿಕೊಡುವುದು ಹೇಗೆಂದು ಅವರಲ್ಲಿ ಕೆಲವರು ಕೇಳಿರುವುದರಿಂದ, ತಲೆ ಕೈಕಾಲುಗಳನ್ನು ಮಣ್ಣಿನಿಂದಲೂ ಒಡಲನ್ನು ಬಟ್ಟೆಯಿಂದಲೂ ಮಾಡುವ ಕ್ರಮವನ್ನು ಇಲ್ಲಿ ವಿವರಿಸುವೆವು. ನಾವು ಮಾಡಿದ ಒಂದು ತಪ್ಪನ್ನೂ ಮರೆಮಾಡದೆ ಹೇಳುವೆವು.

ಈ ವಿದ್ಯೆಯು ಹೊಸದಲ್ಲ. ಹರಪ್ಪ, ಮೊಹೆಂಜೊದಾರೊ ಪಟ್ಟಣಗಳ ನೆಲವನ್ನು ಅಗೆದಾಗ ನಾಲ್ಕು ಸಾವಿರ ವರುಷಗಳಿಗೂ ಹಿಂದಣ ಸುಟ್ಟ ಮಣ್ಣಿನ ಬೊಂಬೆಗಳೂ ಆಟದ ಬಂಡಿಗಳೂ ದೊರೆತವು. ವಂಗದೇಶದ ಕೃಷ್ಣನಗರದಲ್ಲಿ ಜಲಂಗಿ ನದಿಯ ದಡದ ಘೂರ್ಣಿಯೆಂಬಲ್ಲಿ ಬೊಂಬೆಯ ಕೆಲಸದವರು ರೈತ, ಬೆಸ್ತ ಮುಂತಾದವರನ್ನು ಜೀವಕಳೆಯಿಂದ ರೂಪಿಸುವರು. ಅವರ ಹಿರಿಯರು ಇಂಥ ಬೊಂಬೆಗಳಿಗೆ ನಿಜವಾದ ಬಟ್ಟೆಯನ್ನೇ ಉಡಿಸುತ್ತಿದ್ದರು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಅವರ ಕೆಲಸವನ್ನು ನೋಡಿದವರು ಮೆಚ್ಚಿದರು. ನಮ್ಮ ನಾಡಿನಲ್ಲಿಯೂ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ನಡಿಸಿದರಲ್ಲದೆ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಹಂಚಿಗೂ ಬೊಂಬೆಗೂ ಮಣ್ಣಿನ ಧರ್ಮವು ಒಂದೇ ಆಗಿದೆ.

ಮೊದಲನೆಯದಾಗಿ ಮಣ್ಣಿನ ಆಯ್ಕೆ. ಕೆರೆಯ ಅಥವಾ ಹೊಳೆಯ ಬದಿಯ ಜೇಡಿಮಣ್ಣನ್ನು ತಂದು, ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸತಕ್ಕದ್ದು. ತಿಳಿನೀರನ್ನು ಬಸಿದು, ಗಟ್ಟಿಯಾದ ಮೇಲೆ ಹದವನ್ನು ಹೀಗೆ ಪರೀಕ್ಷಿಸಬೇಕು: ಬೆರಳಿನಷ್ಟು ದಪ್ಪದ ಬತ್ತಿಯನ್ನು ಹೊಸೆದು ಬೆರಳಿಗೆ ಸುತ್ತಿದರೆ ಬಿರುಕು ಬಿಡಬಾರದು. ಬಿಟ್ಟರೆ ಜಿಗುಟು ಸಾಲದು. ಕೈಗೆ ತೀರ ಅಂಟಿಕೊಂಡರೆ ಸ್ವಲ್ಪ ನಯವಾದ ಮರಳನ್ನು ಬೆರಸಬೇಕು. ಬಳಿಕ ಒಳಗಿನ ಗಾಳಿಯೆಲ್ಲ ಹೋಗುವಂತೆ ಚೆನ್ನಾಗಿ ನಾದತಕ್ಕದ್ದು.

ಎರಡನೆಯದಾಗಿ ತಲೆ. ಮಣ್ಣು ಒಣಗಿ ಬೇಯುವಾಗ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುವುದರಿಂದ, ಬೇಕಾದ ಅಳತೆಗಿಂತ ತುಸು ದೊಡ್ಡದಾಗಿಯೇ ಮಾಡಬೇಕು. ಕಲಿಯುವವರೆಲ್ಲರೂ ಸಾಮಾನ್ಯವಾಗಿ ಕಣ್ಣುಗಳನ್ನು ಬಹಳ ಮೇಲೆ ಇಡುವರು. ಕನ್ನಡಿಯಲ್ಲಿ ನೋಡಿಕೊಂಡರೆ, ನೆತ್ತಿಗೂ ಗಲ್ಲಕ್ಕೂ ಸರಿಯಾಗಿ ನಡುವೆ ಕಣ್ಣುಗಳಿರುವುದು ತಿಳಿಯುವುದು. ಎಳೆಯ ಮಗುವಿನ ಎತ್ತರವು ಅದರ ತಲೆಯ ನಾಲ್ಕರಷ್ಟು, ಬೆಳೆದವರದು ಏಳರಷ್ಟು. ಕೊರಳಿನ ಕೆಳಗೆ ಹೆಗಲಿನ ಭಾಗವನ್ನೂ ಕೂಡಿಸಿ ಮಾಡಿ, ಅದರ ಅಂಚಿನಲ್ಲಿ ನಾಲ್ಕು ತೂತುಗಳನ್ನು ಬಿಡತಕ್ಕದ್ದು. ಬಟ್ಟೆಯ ಒಡಲನ್ನು ಹೊಲಿಯುವುದು ಇವುಗಳ ಮೂಲಕವೇ. ತಲೆಯ ಒಳಭಾಗವನ್ನು ಕೊರಳಿನ ಕಡೆಯಿಂದ ತೋಡಿ ಟೊಳ್ಳು ಮಾಡುವುದು ಅವಶ್ಯಕ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಒಣಗುವಾಗಲೇ ಸೀಳುವುದು.

ಮೂರನೆಯದು ಒಣಗಿಸುವುದು. ನಾವು ತಪ್ಪಿದ್ದು ಇಲ್ಲಿಯೇ. ಒಂದು ಮಳೆಗಾಲದಲ್ಲಿ ಪ್ರದರ್ಶನದ ದಿನವು ಹತ್ತಿರವಾಯಿತೆಂದು, ಹುಡುಗಿಯರು ಮಾಡಿದ ಹನ್ನೆರಡು ತಲೆಗಳನ್ನು ನಾಲ್ಕನೆಯ ದಿನವೇ ಆವಿಗೆಗೆ ಕೊಂಡುಹೋದೆವು. ವೃದ್ಧರಾದ ಕುಂಬಾರರು ಒಂದನ್ನು ಎತ್ತಿ ಕೆನ್ನೆಗೆ ತಾಗಿಸಿ ನೋಡಿ, "ಅಮ್ಮಾ, ಇದು ಇನ್ನೂ ತಣ್ಣಗಿದೆ, ಒಂದು ವಾರ ತಾಳಿರಿ" ಎಂದರು. ನಾವು ಕೇಳಲಿಲ್ಲ. ಮಾರನೆಯ ದಿನ ಒಂಬತ್ತು ತಲೆಗಳು ಒಡೆದು ಚೂರಾಗಿದ್ದವು. ಮಣ್ಣಿನಲ್ಲಿ ಉಳಿದ ನೀರು ನೂರು ಡಿಗ್ರಿಯಲ್ಲಿ ಹಬೆಯಾಗಿ, ಹೊರಬರಲು ದಾರಿಯಿಲ್ಲದೆ, ಗೋಡೆಯನ್ನೇ ಸಿಡಿಸುವುದು. ತರಗತಿಯಲ್ಲಿ ಒಬ್ಬ ಹುಡುಗಿಯು ತನ್ನ ಬೊಂಬೆಯ ಅರ್ಧ ಮುಖವನ್ನು ಹಿಡಿದುಕೊಂಡು, ತಾನು ಮಾಡಿದ್ದರಲ್ಲಿ ಏನು ತಪ್ಪಿತ್ತೆಂದು ಕೇಳಿದಳು. ತಪ್ಪು ಅವಳದಲ್ಲ, ನಮ್ಮದೆಂದು ಎಲ್ಲರೆದುರಿಗೆ ಒಪ್ಪಿಕೊಳ್ಳಬೇಕಾಯಿತು. ಪ್ರದರ್ಶನದಲ್ಲಿ ಮೂರೇ ಬೊಂಬೆಗಳು ನಿಂತವು.

ಆದುದರಿಂದ ನೆರಳಿನಲ್ಲಿ, ಗಾಳಿ ನೇರವಾಗಿ ಬೀಸದ ಕಡೆ, ಮೇಲೆ ಬಟ್ಟೆ ಹೊದಿಸಿ ಮೆಲ್ಲನೆ ಒಣಗಿಸಬೇಕು. ಮಳೆಗಾಲದಲ್ಲಿ ಎರಡು ವಾರ ಬೇಕಾದರೂ ಆಶ್ಚರ್ಯವಿಲ್ಲ. ಕೆನ್ನೆಗೆ ತಣ್ಣಗೆ ತೋರುತ್ತಿರುವಷ್ಟು ಕಾಲ ಬೆಂಕಿಗೆ ಒಡ್ಡಕೂಡದು. ಬೆಂಕಿಯೂ ಮೊದಲು ಮಂದವಾಗಿರಬೇಕು. ಶಾಖವು ಸುಮಾರು ಆರುನೂರು ಡಿಗ್ರಿಯನ್ನು ದಾಟಿದ ಮಣ್ಣು ಮತ್ತೆಂದಿಗೂ ನೀರಿನಲ್ಲಿ ಕರಗಿ ಕೆಸರಾಗುವುದಿಲ್ಲ.

ನಾಲ್ಕನೆಯದು ಒಡಲು. ಇದಕ್ಕೆ ಒಗೆದೊಗೆದು ಮೆತ್ತಗಾದ ಹಳೆಯ ಹತ್ತಿಯ ಸೀರೆಯೇ ಉತ್ತಮ. ಹೊಸ ಬಟ್ಟೆಯಾದರೆ ಮೊದಲೇ ನೆನಸಿ ಒಣಗಿಸಬೇಕು, ಇಲ್ಲವಾದರೆ ಆಮೇಲೆ ಕುಗ್ಗುವುದು. ಎರಡು ಪದರಗಳನ್ನು ಒಳಮೈ ಹೊರಗಾಗಿರುವಂತೆ ಇಟ್ಟು, ಒತ್ತೊತ್ತಾಗಿ ಸಣ್ಣ ಹೊಲಿಗೆ ಹಾಕಿ, ತಿರುವುಗಳಲ್ಲಿ ಅಂಚನ್ನು ಅಲ್ಲಲ್ಲಿ ಕತ್ತರಿಸಿ, ಮಗುಚಬೇಕು. ಬೂರುಗದ ಹತ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಮೂಲೆಗಳಿಂದ ಆರಂಭಿಸಿ ತುಂಬತಕ್ಕದ್ದು; ಮೊಣಕಾಲು ಮೊಣಕೈಗಳಲ್ಲಿ ಹತ್ತಿಯಿಲ್ಲದೆ ಒಂದು ಹೊಲಿಗೆ ಹಾಕಿದರೆ ಅವು ಮಡಿಯುವವು. ಕೈಕಾಲುಗಳ ಮಣ್ಣಿನ ತುದಿಗೆ ಸುತ್ತಲೂ ಒಂದು ಕಚ್ಚು ಮಾಡಿಟ್ಟರೆ ಬಟ್ಟೆಯನ್ನು ಅಲ್ಲಿ ನೂಲಿನಿಂದ ಬಿಗಿಯಬಹುದು. ಸೀಸವಿರುವ ಬಣ್ಣವನ್ನು ಎಂದಿಗೂ ಬಳಸಕೂಡದು, ಅದು ಮಕ್ಕಳಿಗೆ ವಿಷ. ಎಲ್ಲವನ್ನೂ ಬಾಯಿಗಿಡುವ ಕೂಸಿಗೆ ಮಣ್ಣಿನ ತಲೆ ಬೇಡ, ಗುಂಡಿ ಮಣಿಗಳೂ ಬೇಡ; ಬಟ್ಟೆಯ ತಲೆಯಲ್ಲಿ ನೂಲಿನಿಂದಲೇ ಕಣ್ಣುಗಳನ್ನು ಹೊಲಿದರೆ ಸಾಕು.

ಒಡೆದ ಆ ಒಂಬತ್ತು ತಲೆಗಳು ಏನಾದವೆಂದು ವಾಚಕರು ಕೇಳಬಹುದು. ಸುಟ್ಟ ಮಣ್ಣು ತಿರುಗಿ ಹಸಿ ಮಣ್ಣಾಗದಾದರೂ, ಅದನ್ನು ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಬೆರಸಿದರೆ ಆ ಮಣ್ಣು ಕಡಮೆ ಕುಗ್ಗುವುದು, ಕಡಮೆ ಸೀಳುವುದು. ಇದನ್ನು ನಮಗೆ ಕಲಿಸಿದವರು ಆ ಕುಂಬಾರರೇ. ಹುಡುಗಿಯರು ಚೂರುಗಳನ್ನು ತಾವೇ ಕುಟ್ಟಿ, ಜರಡಿ ಹಿಡಿದು, ಮತ್ತೆ ಹನ್ನೆರಡು ತಲೆಗಳನ್ನು ಮಾಡಿದರು. ಈ ಸಲ ನಾವು ಹದಿನೈದು ದಿನ ಕಾದೆವು. ಕುಂಬಾರರು ಪ್ರತಿಯೊಂದನ್ನೂ ಕೆನ್ನೆಗೆ ತಾಗಿಸಿ ನೋಡಿದ ಮೇಲೆಯೇ ಆವಿಗೆಯಲ್ಲಿಟ್ಟರು. ಹನ್ನೆರಡೂ ಕ್ಷೇಮವಾಗಿ ಹೊರಗೆ ಬಂದವು.